ಮೂರು ವರ್ಷ, 23 ಸಾವಿರ ಕಿಲೋಮೀಟರ್: ನನ್ನ ಹಸಿರು ಪ್ಲೇಟಿನ ಗಾಡಿ

2023ರ ಮಾರ್ಚ್ ಶುರುವಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಬ್ಯಾಟರಿ 3 ಕಿಲೋವ್ಯಾಟ್ ಅವರ್‌ದು. ಮೂಡಲಪಾಳ್ಯದಿಂದ ಪೀಣ್ಯ 2ನೇ ಹಂತಕ್ಕೆ ದಿನಾ ಹೋಗಿ ಬರುವುದು ಸುಮಾರು 22 ಕಿ.ಮೀ. ಇವತ್ತಿಗೆ ಮೀಟರ್ 23,140 ತೋರಿಸುತ್ತಿದೆ. ಕಂಪನಿ ಹೆಸರು ಬೇಡ ಬಿಡಿ.

ಓಡಿಸುವುದರ ಬಗ್ಗೆ ತಕರಾರು ಕಡಿಮೆ. ಸುಮನಹಳ್ಳಿ ಫ್ಲೈಓವರ್ ಮೇಲೆ ಹಿಂದೆ ಹೆಂಡತಿ ಕೂತಿದ್ದರೂ ಸಲೀಸಾಗಿ ಏರುತ್ತದೆ. ಹಂಪ್ ಬಂದರೆ ಮುಂದಿನ ಸಸ್ಪೆನ್ಷನ್ ಕಟಕಟ ಅನ್ನುತ್ತದೆ. ಹೊಸದರಲ್ಲಿ ಫುಲ್ ಚಾರ್ಜ್‌ಗೆ 85 ಕಿ.ಮೀ. ಬರುತ್ತಿತ್ತು, ಈಗ 74. ಎರಡು ಸಲ ಬ್ರೇಕ್ ಪ್ಯಾಡ್, ಒಂದು ಸಲ ಬೆಲ್ಟ್. ಒಮ್ಮೆ ಡಿಸ್‌ಪ್ಲೇ ಕೈಕೊಟ್ಟಿತು. ಪಾರ್ಟ್ ಬರಲಿ ಅಂತ ಗಾಡಿ 19 ದಿನ ಸರ್ವಿಸ್ ಸೆಂಟರ್‌ನಲ್ಲೇ ನಿಂತಿತು, ನಾನು ಬಸ್ ಸ್ಟಾಪಿನಲ್ಲಿ ನಿಂತೆ. ಐದಕ್ಕೆ ನಾಲ್ಕು ಕೊಡಬಹುದು.

ಆದರೆ ಈ ಗಾಡಿ ನನಗೆ ಎಷ್ಟಕ್ಕೆ ಬಿತ್ತು, ಎಷ್ಟರಲ್ಲಿ ಓಡುತ್ತಿದೆ ಅನ್ನುವುದನ್ನು ತೀರ್ಮಾನಿಸಿದ್ದು ಕಂಪನಿಗಿಂತ ಜಾಸ್ತಿ ಸರ್ಕಾರಿ ಆದೇಶಗಳೇ.

ಖರೀದಿ ದಿನ ಕೈಗೆ ಬಂದದ್ದು ಪಿನ್ ಹೊಡೆದ ಮೂರು ಬಿಲ್ಲು. ಗಾಡಿಗೊಂದು, ಚಾರ್ಜರ್‌ಗೊಂದು, ಸಾಫ್ಟ್‌ವೇರ್‌ಗೊಂದು. ಆಗ ಕೇಂದ್ರದ ಫೇಮ್-2 ಯೋಜನೆಯಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂ. ಸಬ್ಸಿಡಿ ಇತ್ತು, ಗಾಡಿ ಬೆಲೆಯ ಶೇ. 40ರವರೆಗೆ. ಆದರೆ ಫ್ಯಾಕ್ಟರಿ ಬೆಲೆ ಒಂದೂವರೆ ಲಕ್ಷ ದಾಟಿದರೆ ಏನೂ ಇಲ್ಲ. ಗಾಡಿ ಬೆಲೆ ಆ ಮಿತಿಯೊಳಗೆ ಕಾಣಲಿ ಅಂತಲೇ ಈ ಬಿಡಿಬಿಡಿ ಬಿಲ್ಲು. "ಚಾರ್ಜರ್ ಇಲ್ದೆ ಈ ಗಾಡಿ ಇಟ್ಕೊಂಡು ಏನಪ್ಪಾ ಮಾಡ್ಲಿ?" ಅಂದೆ. ಸೇಲ್ಸ್ ಹುಡುಗ ನಕ್ಕ. "ಅದು ಆಪ್ಷನಲ್ ಸಾರ್. ಆದ್ರೆ ಎಲ್ರೂ ತಗೋತಾರೆ."

ಸ್ವಲ್ಪ ದಿನಕ್ಕೆ ಕೇಂದ್ರ ಸರ್ಕಾರ ಈ ಆಟ ಹಿಡಿಯಿತು. ಹಲವು ಕಂಪನಿಗಳು ಚಾರ್ಜರ್ ದುಡ್ಡು ವಾಪಸ್ ಕೊಡಬೇಕಾಯಿತು. ನನ್ನ 12 ಸಾವಿರ ಚಿಲ್ಲರೆಗೆ ನಾಲ್ಕು ಮೇಲ್, ಒಂದು ಕ್ಯಾನ್ಸಲ್ ಮಾಡಿದ ಚೆಕ್, ಎರಡು ಸಲ ಶೋರೂಮ್ ಅಲೆದಾಟ. ಬಂತು ಅನ್ನಿ. ಸಾಫ್ಟ್‌ವೇರ್ ದುಡ್ಡು ಹೋದದ್ದು ಹೋಯಿತು.

ನನ್ನ ಭಾಮೈದನಿಗೆ ಈ ತಲೆನೋವಿರಲಿಲ್ಲ, ಬೇರೆಯದಿತ್ತು. ಜೂನ್‌ನಲ್ಲಿ ಚೀಟಿ ಮುಗಿಯುತ್ತೆ, ಪೂರ್ತಿ ದುಡ್ಡು ಬಂದ ಮೇಲೆ ತಗೊಂಡರಾಯಿತು ಅಂತ ಕೂತ. 2023ರ ಜೂನ್ 1ರಿಂದ ಸಬ್ಸಿಡಿ 15 ಸಾವಿರದಿಂದ 10 ಸಾವಿರಕ್ಕೆ ಇಳಿಯಿತು, ಶೇ. 40ರ ಮಿತಿ ಶೇ. 15 ಆಯಿತು. ಅದೇ ಗಾಡಿ, ಅದೇ ಬಣ್ಣ, 24 ಸಾವಿರ ಜಾಸ್ತಿ. ಮೇ ತಿಂಗಳಲ್ಲೇ ಚೀಟಿ ಕೂಗಿ ಐದು ಸಾವಿರ ಬಿಟ್ಟಿದ್ದರೂ ಅವನಿಗೆ ಲಾಭವಿತ್ತು. ಈ ಮಾತನ್ನು ಮನೆಯಲ್ಲಿ ಯಾರೂ ಎತ್ತುವ ಹಾಗಿಲ್ಲ.

ಈಗ ಕೊಳ್ಳುವವರು ನನ್ನ ಲೆಕ್ಕ ನಂಬಬೇಡಿ. 2024ರ ಅಕ್ಟೋಬರ್‌ನಲ್ಲಿ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ ಬಂದಾಗ ಸಬ್ಸಿಡಿ ಕಿಲೋವ್ಯಾಟ್ ಅವರ್‌ಗೆ 5,000 ಇತ್ತು, ಮರುವರ್ಷಕ್ಕೆ 2,500, ಒಂದು ಗಾಡಿಗೆ ಹೆಚ್ಚೆಂದರೆ 5,000 ರೂ. ಅತ್ತ 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್‌ಗೆ 2019ರಿಂದಲೂ ಶೇ. 5. ನಾನು ಕೊಂಡಾಗ ಇದ್ದ ಅಂತರ ಈಗಿಲ್ಲ.

ಇನ್ನು ಕರೆಂಟು. ತಿಂಗಳಿಗೆ 650 ಕಿ.ಮೀ.ಗೆ ಸುಮಾರು 26 ಯೂನಿಟ್ ಕುಡಿಯುತ್ತದೆ. ಹಳೇ ಸ್ಕೂಟರ್ ಆಗಿದ್ದರೆ 14-15 ಲೀಟರ್ ಪೆಟ್ರೋಲ್. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್ ಲೀಟರ್‌ಗೆ 3 ರೂ. ಜಾಸ್ತಿಯಾದ ಮರುದಿನ ಬಂಕ್ ಮುಂದೆ ಬೇಕಂತಲೇ ನಿಧಾನಕ್ಕೆ ಹೋದೆ. ಸುಳ್ಳು ಯಾಕೆ ಹೇಳಲಿ.

ಆ ಜಂಬ ಇಳಿಸಿದ್ದು ಗೃಹಜ್ಯೋತಿ. ಉಚಿತ ಯೂನಿಟ್ ಎಷ್ಟು ಅನ್ನುವುದಕ್ಕೆ 2022-23ರ ಸರಾಸರಿ ತಗೊಂಡು, ಮೇಲೆ ಶೇ. 10 ಸೇರಿಸಿದರು. ನಮ್ಮ ಸರಾಸರಿ 118, ಅಂದರೆ ಸುಮಾರು 130 ಯೂನಿಟ್. ಗಾಡಿ ಮನೆಗೆ ಬಂದದ್ದು ಆ ವರ್ಷದ ಕೊನೇ ತಿಂಗಳಲ್ಲಿ! ಅದರ ಕರೆಂಟು ಸರಾಸರಿಯಲ್ಲಿ ಸೇರಲೇ ಇಲ್ಲ ಅನ್ನಬಹುದು. ಹಾಗಾಗಿ ಪಕ್ಕದ ಮನೆಗೆ ಸೊನ್ನೆ ಬಿಲ್ಲು, ನಮಗೆ ಪ್ರತಿ ತಿಂಗಳೂ ನೂರು ರೂಪಾಯಿ ಹತ್ತಿರ. ಪರವಾಗಿಲ್ಲ. ಆದರೆ 2024ರ ಏಪ್ರಿಲ್ ಸೆಕೆಗೆ ಕೂಲರ್ ತಂದೆವು, ಊರಿಂದ ಅತ್ತೆ ಮಾವ ಬಂದರು, 203 ಯೂನಿಟ್ ಆಯಿತು. 200 ದಾಟಿದರೆ ಉಚಿತವೇ ಇಲ್ಲ, ಪೂರ್ತಿ ಕಟ್ಟಬೇಕು. ಮೀಟರ್ ರೀಡರ್ ಕೈಯಿಂದ ಚೀಟಿ ಹರಿದು ಬಂತು, 1,600 ಚಿಲ್ಲರೆ. "ರೀ, ಮೂರು ಯೂನಿಟ್! ಒಂದಿನ ನೀವು ಬಸ್ಸಲ್ಲಿ ಹೋಗಿದ್ರೆ ಆಗ್ತಿತ್ತು" ಅಂದಳು ಹೆಂಡತಿ. ಅವಳ ಲೆಕ್ಕ ಪೂರ್ತಿ ಸರಿಯಲ್ಲ, ಮೂರ್ನಾಲ್ಕು ದಿನ ಹೋಗಬೇಕಿತ್ತು. ಇವಿಗೇ ಬೇರೆ ಮೀಟರ್ ಹಾಕಿಸಬಹುದು, ದರವೂ ಬೇರೆ. 26 ಯೂನಿಟ್‌ಗೆ ಡೆಪಾಸಿಟ್ಟು, ವೈರಿಂಗು ಯಾರಿಗೆ ಬೇಕು? ಈಗ ಬೇಸಿಗೆಯಲ್ಲಿ ಪ್ರತಿ ತಿಂಗಳು 20ನೇ ದಿನ ಮೀಟರ್ ನೋಡುತ್ತೇನೆ.

ಹೊರಗಡೆ ಚಾರ್ಜಿಂಗ್ ಬಗ್ಗೆ ಒಂದೇ ಮಾತು: ಕೊಳ್ಳುವ ಮುಂಚೆ ಪ್ಲಗ್ ನೋಡಿ. ಹಗುರ ವಾಹನಗಳಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2023ರಲ್ಲಿ ಒಂದು ಕನೆಕ್ಟರ್ ಮಾನದಂಡ ತಂದಿತು. ನನ್ನದು ಅದಕ್ಕೆ ಕೂರುವುದಿಲ್ಲ.

ಮುಂದಿನ ತಿಂಗಳು ಮೂರು ವರ್ಷದ ವಾರಂಟಿ ಮುಗಿಯುತ್ತದೆ. ಮೊನ್ನೆ ಬ್ಯಾಟರಿ ಟೆಸ್ಟ್ ಮಾಡಿಸಿದೆ, ಹೊಸದರಲ್ಲಿದ್ದ ಸಾಮರ್ಥ್ಯದ ಶೇ. 87 ಬಂತು. "80ಕ್ಕಿಂತ ಕಮ್ಮಿ ಆದ್ರೆ ಮಾತ್ರ ಕ್ಲೇಮ್ ಸಾರ್" ಅಂದ ಮೆಕ್ಯಾನಿಕ್, ನನ್ನ ಬ್ಯಾಟರಿ ಚೆನ್ನಾಗಿರುವುದಕ್ಕೆ ಅವನಿಗೇ ಬೇಜಾರಾದ ಹಾಗೆ. ಇನ್ನೆರಡು ವರ್ಷದ ವಾರಂಟಿಗೆ 9,500 ಕೇಳುತ್ತಿದ್ದಾರೆ. ಭಾಮೈದನದು ಜೂನ್‌ಗೆ ಮುಗಿಯುತ್ತೆ. ಇಬ್ಬರದೂ ಸೇರಿಸಿದರೆ ಎಷ್ಟು ಕಮ್ಮಿ ಮಾಡ್ತೀರಾ ಅಂತ ಕೇಳಿ ಬಂದಿದ್ದೇನೆ.