ನಾಲ್ಕು ಗೇರಿನ ಹಳೆಯ ಬುಲೆಟ್: ಗೇರು ಸರಿಯಾಗಿ ಬೀಳದ ತೊಂದರೆ, ದುರಸ್ತಿ ಮತ್ತು ಆನಂತರದ ಬಳಕೆ

ಬಲಗಾಲಿನಿಂದ ಗೇರು ಹಾಕುವ ಹಳೆಯ ಬುಲೆಟ್ 350ರ ಗೇರ್‌ಬಾಕ್ಸ್ ಹುಟ್ಟಿನಿಂದಲೇ ಒರಟು, ಅದರೊಡನೆ ಹೊಂದಿಕೊಂಡು ಹೋಗುವುದೊಂದೇ ದಾರಿ ಎಂದು ಹೇಳುವವರು ಬಹಳ ಮಂದಿ. ಹಲವು ವರ್ಷಗಳಿಂದ ಅದೇ ಗೇರ್‌ಬಾಕ್ಸ್ ಬಳಸುತ್ತಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ. ಅದು ನಿಧಾನದ ಯಂತ್ರ ಎಂಬುದು ನಿಜ. ಆದರೆ ಗೇರು ಬೀಳದಿರುವುದು ಅದರ ಸ್ವಭಾವವಲ್ಲ, ಸರಿಪಡಿಸಬಹುದಾದ ದೋಷ, ಮತ್ತು ಆ ದೋಷ ಹೆಚ್ಚಿನ ಸಲ ಗೇರುಗಳಲ್ಲಿ ಇರುವುದೇ ಇಲ್ಲ.

ಬರ್ಮಿಂಗ್‌ಹ್ಯಾಮಿನ ಆಲ್ಬಿಯನ್ ಕಂಪನಿಯ ವಿನ್ಯಾಸದ ಈ ಗೇರ್‌ಬಾಕ್ಸ್ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾದ ಮೇಲೆ ಮದ್ರಾಸಿನ ತಿರುವೊಟ್ರಿಯೂರಿನ ಕಾರ್ಖಾನೆಯಲ್ಲಿ ನೆಲೆಯೂರಿತು. ಇಂಗ್ಲೆಂಡಿನಲ್ಲಿ ಮೂಲ ಬುಲೆಟ್ ನಿಂತುಹೋದ ಮೇಲೂ ಇಲ್ಲಿ ದಶಕಗಳ ಕಾಲ ಹೆಚ್ಚಿನ ಬದಲಾವಣೆಯಿಲ್ಲದೆ ತಯಾರಾದ್ದರಿಂದ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬೇಕಾದದ್ದು ಬಹುಮಟ್ಟಿಗೆ ಸಿಗುತ್ತದೆ. ಮೊದಲ ಗೇರಿಗೆ ಪೆಡಲನ್ನು ಮೇಲಕ್ಕೆ ಎತ್ತಬೇಕು, ಉಳಿದ ಮೂರಕ್ಕೆ ಕೆಳಕ್ಕೆ ಒತ್ತಬೇಕು. ಬ್ರೇಕು ಎಡಗಾಲಿನಲ್ಲಿರುವುದರಿಂದ ಈಗಿನ ಬೈಕುಗಳ ರೂಢಿಯಿರುವ ಗೆಳೆಯರಿಗೆ ನಾನು ಗಾಡಿಯ ಕೀಲಿ ಕೊಡುವುದಿಲ್ಲ.

1980ರ ದಶಕದ ನನ್ನ ಗಾಡಿಯಲ್ಲಿ ಮೂರು ತೊಂದರೆಗಳು ಒಟ್ಟಿಗೆ ಇದ್ದವು. ಬೆಳಗಿನ ತಂಪಿನಲ್ಲಿ ಮೊದಲ ಗೇರು ಹಾಕಿದರೆ ಗಾಡಿ ಕರಕರ ಸದ್ದು ಮಾಡಿ ಮುಂದಕ್ಕೆ ಜಿಗಿಯುತ್ತಿತ್ತು, ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಸಿಗುತ್ತಿರಲಿಲ್ಲ, ಎರಡರಿಂದ ಮೂರಕ್ಕೆ ಹೋಗುವಾಗ ಗೇರು ನಡುವೆಯೇ ನಿಂತು ಎಂಜಿನ್ ಬರಿದೆ ಗುಂಯ್‌ಗುಡುತ್ತಿತ್ತು. ಚಾರ್ಮಾಡಿಯಂಥ ಘಾಟಿಯಲ್ಲಿ ಇಳಿಯುವಾಗ ಈ ಕೊನೆಯದು ಕೇವಲ ಕಿರಿಕಿರಿಯಾಗಿ ಉಳಿಯುವುದಿಲ್ಲ. ಎಂಜಿನ್ನಿನ ಹಿಡಿತ ತಪ್ಪಿ ಗಾಡಿಯ ಭಾರವೆಲ್ಲ ಹಳೆಯ ಡ್ರಮ್ ಬ್ರೇಕುಗಳ ಮೇಲೆ ಬೀಳುತ್ತದೆ. ಮೊದಲು ತೋರಿಸಿದ ಗ್ಯಾರೇಜಿನವರು ಗಾಡಿಯನ್ನು ಓಡಿಸಿಯೂ ನೋಡದೆ ಗೇರ್ ಸೆಟ್ ಪೂರ್ತಿ ಬದಲಿಸಬೇಕೆಂದರು. ಎರಡನೆಯ ಮೆಕ್ಯಾನಿಕ್ ವಯಸ್ಸಾದವರು. ಅವರು ಎಂಜಿನ್ ಆಫ್ ಮಾಡಿ, ಕ್ಲಚ್ಚಿನ ಕವರ್ ತೆಗೆದು, ಕ್ಲಚ್ ಹಿಡಿದು ಕಿಕ್ಕರ್ ತುಳಿಯುವಂತೆ ನನಗೆ ಹೇಳಿ, ತಾವು ಕ್ಲಚ್ಚಿನ ಹೊರಗಿನ ಪ್ಲೇಟನ್ನೇ ನೋಡುತ್ತ ಕುಳಿತರು. ಅದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಏಳುತ್ತ ಓಲಾಡುತ್ತಿತ್ತು.

ಮೊದಲೆರಡು ತೊಂದರೆಗಳಿಗೆ ಕಾರಣ ಅದೇ ಆಗಿತ್ತು. ಲಿವರ್ ಹಿಡಿದರೂ ಕ್ಲಚ್ಚಿನ ಪ್ಲೇಟುಗಳು ಪೂರ್ತಿ ಬೇರ್ಪಡದಿದ್ದರೆ ನಿಂತ ಗಾಡಿಯಲ್ಲೂ ಗೇರ್‌ಬಾಕ್ಸಿನ ಮುಖ್ಯ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಆಗ ಯಾವ ಗೇರೂ ನಯವಾಗಿ ಕೂರುವುದಿಲ್ಲ, ಕೂತದ್ದು ಬಿಟ್ಟುಕೊಡುವುದೂ ಇಲ್ಲ. ಉಕ್ಕಿನ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ನೋಡಿದಾಗ ಬಾಗಿರುವುದು ಕಣ್ಣಿಗೇ ಕಂಡಿತು. ಪ್ಲೇಟುಗಳನ್ನೂ ಸ್ಪ್ರಿಂಗುಗಳನ್ನೂ ಬದಲಿಸಿ, ಕೇಬಲ್ಲಿಗೆ ಲಿವರ್ ತುದಿಯಲ್ಲಿ 2–3 ಮಿ.ಮೀ. ಸಡಿಲ ಬಿಟ್ಟ ಮೇಲೆ ಜಿಗಿತ ನಿಂತಿತು. ಇಂದಿಗೂ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಕ್ಲಚ್ ಹಿಡಿದು ಒಂದೆರಡು ಸಲ ಕಿಕ್ಕರ್ ತುಳಿದು, ಎಣ್ಣೆಗೆ ಅಂಟಿಕೊಂಡ ಪ್ಲೇಟುಗಳನ್ನು ಬಿಡಿಸಿಕೊಳ್ಳುತ್ತೇನೆ.

ಮೂರನೆಯ ತೊಂದರೆಯ ದುರಸ್ತಿಯೇ ನನಗೆ ಹೆಚ್ಚು ಮೆಚ್ಚಿಗೆಯಾದದ್ದು. ಪೆಡಲ್ ಒತ್ತಿದಾಗಲೆಲ್ಲ ಒಳಗಿನ ರಾಚೆಟ್ ಎಂಬ ಹಲ್ಲಿನ ಭಾಗ ಒಂದು ಹೆಜ್ಜೆಯಷ್ಟು ಮಾತ್ರ ತಿರುಗಿ, ಗೇರುಗಳನ್ನು ಪಕ್ಕಕ್ಕೆ ತಳ್ಳುವ ಫೋರ್ಕನ್ನು ಸರಿಸುತ್ತದೆ, ಮತ್ತು ಆ ಹೆಜ್ಜೆ ಎಲ್ಲಿ ಮುಗಿಯಬೇಕೆಂಬುದನ್ನು ಎರಡು ಬೋಲ್ಟುಗಳಲ್ಲಿ ಕೂತ ಒಂದು ಸಣ್ಣ ಪ್ಲೇಟು ನಿರ್ಧರಿಸುತ್ತದೆ. ಆ ಪ್ಲೇಟು ಒಂದು ಪಕ್ಕಕ್ಕೆ ಸರಿದಿದ್ದರೆ ಒಂದು ದಿಕ್ಕಿನಲ್ಲಿ ಗೇರು ಪೂರ್ತಿ ಕೂರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಆಗುತ್ತಿದ್ದುದು ಅದೇ. ಮೆಕ್ಯಾನಿಕ್ ಹೊರಗಿನ ಕವರ್ ತೆಗೆದು, ಪ್ಲೇಟಿನ ಹಳೆಯ ಜಾಗಕ್ಕೆ ಮೊಳೆಯಿಂದ ಗೀರು ಹಾಕಿ, ಬೋಲ್ಟುಗಳನ್ನು ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ ಬಿಗಿದರು. ಆಮೇಲೆ ಪೆಡಲನ್ನು ಮತ್ತೆ ಸಿಕ್ಕಿಸಿ, ಸೆಂಟರ್ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ನಾಲ್ಕೂ ಗೇರುಗಳನ್ನು ಮೇಲೆ ಕೆಳಗೆ ಹಾಕಿ ನೋಡಿದರು. ಸರಿಹೋಗುವ ತನಕ ಇದನ್ನೇ ಮತ್ತೆ ಮತ್ತೆ ಮಾಡಬೇಕಾಯಿತು. ಕವರ್ ತೆರೆದಾಗಲೇ ಪೆಡಲನ್ನು ನಡುಸ್ಥಾನಕ್ಕೆ ತರುವ ಸ್ಪ್ರಿಂಗನ್ನೂ ಹೊಸದಾಗಿ ಹಾಕಿಸಿದೆ. ಈ ಭಾಗದ ಕೆಲಸಕ್ಕೆ ಸಾಮಾನಿನ ಖರ್ಚೆಂದರೆ ಆ ಸ್ಪ್ರಿಂಗು ಮತ್ತು ಒಂದು ಗ್ಯಾಸ್ಕೆಟ್ ಮಾತ್ರ.

ಎಣ್ಣೆಯ ವಿಷಯದಲ್ಲಿ ಅಭಿಪ್ರಾಯಭೇದವಿದೆ. ಹಳೆಯ ಗೇರ್‌ಬಾಕ್ಸುಗಳಲ್ಲಿ ಸೋರಿಕೆ ತಡೆಯುವ ವ್ಯವಸ್ಥೆ ದುರ್ಬಲವಾದ್ದರಿಂದ ಗ್ರೀಸ್ ತುಂಬುವ ರೂಢಿ ಬಂತು. ಗಟ್ಟಿ ಗ್ರೀಸನ್ನೇ ತುಂಬಿದರೆ ಗೇರುಗಳು ಅದರಲ್ಲಿ ತಮ್ಮ ದಾರಿಯನ್ನು ಕೊರೆದುಕೊಂಡು, ಆಮೇಲೆ ಒಣಗಿದಂತೆಯೇ ತಿರುಗುತ್ತವೆ. ತಂಪಿನಲ್ಲಿ ಪೆಡಲೂ ಭಾರವಾಗುತ್ತದೆ. ನಾನು 90 ಗ್ರೇಡಿನ ಗೇರ್ ಎಣ್ಣೆಗೆ ತೆಳು ಗ್ರೀಸನ್ನು ಬೆರೆಸಿ ಬಳಸುತ್ತೇನೆ, ಒಳಗೆ ಕಂಚಿನ ಬುಷ್‌ಗಳಿರುವುದರಿಂದ ಕಂಚಿಗೆ ಹಾನಿ ಮಾಡದ ಜಿಎಲ್-4 ದರ್ಜೆಯದನ್ನೇ ಆರಿಸುತ್ತೇನೆ. ನಿಲ್ಲಿಸಿದ ಜಾಗದಲ್ಲಿ ಸ್ವಲ್ಪ ತೊಟ್ಟಿಕ್ಕುತ್ತದೆ. ಅದಕ್ಕೊಂದು ರಟ್ಟಿನ ತುಂಡು ಸಾಕು.

ದುರಸ್ತಿಯ ನಂತರ ಮಳೆಗಾಲ, ಘಾಟಿ, ಪೇಟೆಯ ದಟ್ಟಣೆ ಎಲ್ಲದರಲ್ಲೂ ಗಾಡಿ ಓಡಿದೆ, ನಡುವೆ ಗೇರು ತಪ್ಪಿ ನಿಲ್ಲುವುದು ಮರುಕಳಿಸಿಲ್ಲ. ಹಿಮ್ಮಡಿಯಿಂದ ಒತ್ತುವ ನ್ಯೂಟ್ರಲ್ ಲಿವರ್ ಈಗ ನಿಜವಾಗಿ ಉಪಯೋಗಕ್ಕೆ ಬರುತ್ತಿದೆ: ಮೊದಲ ಗೇರೊಂದನ್ನು ಬಿಟ್ಟು ಯಾವ ಗೇರಿನಲ್ಲಿ ನಿಂತರೂ ಒಂದೇ ಒತ್ತಿಗೆ ನ್ಯೂಟ್ರಲ್ಲಿಗೆ ತರುವ ಇಂಥ ಸೌಕರ್ಯ ಇಂದಿನ ಬೈಕುಗಳಲ್ಲೂ ನನಗೆ ಕಂಡಿಲ್ಲ. ಗೇರು ಬದಲಿಸುವಾಗ ಅರೆಗಳಿಗೆ ತಡೆಯಬೇಕಾಗುತ್ತದೆ, ಅವಸರದ ಕಾಲಿಗೆ ಇದು ಒಗ್ಗುವುದಿಲ್ಲ. ಐದು ಗೇರಿನ ಪೆಟ್ಟಿಗೆಗೆ ಬದಲಿಸಿಕೊಳ್ಳುವಂತೆ ಸಲಹೆ ಕೊಡುವವರಿದ್ದಾರೆ. ಒಳಗಿನ ಗೇರುಗಳು ಮುರಿದಿಲ್ಲದಿದ್ದರೆ ಆ ಖರ್ಚಿಗೆ ಅರ್ಥವಿಲ್ಲವೆಂಬುದು ನನ್ನ ಅಭಿಪ್ರಾಯ.

ಒಂದು ಕೊರತೆ ಉಳಿದಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಎರಡನೆಯ ಗೇರು ಅಪರೂಪಕ್ಕೊಮ್ಮೆ ಹೊರಗೆ ಹಾರುತ್ತದೆ. ಇದಕ್ಕೆ ಪ್ಲೇಟು ಸರಿಸುವುದು ಮದ್ದಲ್ಲ, ಗೇರಿನ ಪಕ್ಕದ ಕಚ್ಚುಗಳ ಅಂಚು ಸವೆದಿದೆ. ಡೂಪ್ಲಿಕೇಟ್ ಗೇರುಗಳಲ್ಲಿ ಹದ ಕೊಟ್ಟ ಉಕ್ಕು ಇರುತ್ತದೆಂಬ ಭರವಸೆ ಇಲ್ಲದ್ದರಿಂದ ಒರಿಜಿನಲ್ ಜೋಡಿಯನ್ನೇ ತಂದಿಟ್ಟುಕೊಂಡಿದ್ದೇನೆ. ಮುಂದಿನ ಸಲ ಗೇರ್‌ಬಾಕ್ಸ್ ಪೂರ್ತಿ ಬಿಚ್ಚುವಾಗ ಫೋರ್ಕಿನ ಸವೆತವನ್ನೂ ನೋಡಿಸಿ ಹಾಕಿಸುತ್ತೇನೆ.