ತಗ್ಗಿಸಿದ ಸಿವಿಕ್‌ಗೆ ಕಾಯಿಲ್‌ಓವರ್: ಮೂರು ಮಳೆಗಾಲದ ಬಳಕೆ, ಅಲೈನ್‌ಮೆಂಟ್‌ಗೆ ಮುಂಚಿನ ಕೆಲಸ

ಗಾಡಿ ಎಂಟನೇ ತಲೆಮಾರಿನ ಹೋಂಡಾ ಸಿವಿಕ್, 16 ಇಂಚಿನ ರಿಮ್. ಕಿಟ್ ನಾಲ್ಕೂ ಚಕ್ರಕ್ಕೆ ಮೊನೊಟ್ಯೂಬ್ (ಒಂದೇ ಕೊಳವೆಯ) ಕಾಯಿಲ್‌ಓವರ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಾಗಿದ್ದು ಎತ್ತರ ಬದಲಿಸಬಹುದಾದದ್ದು. ಮುಂದೆ ಮೇಲ್ಭಾಗದಲ್ಲಿ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲುವ ಕೋನ, ಬದಲಿಸುವ ಪ್ಲೇಟ್ ಇದೆ. ಎತ್ತರ ಬದಲಿಸಲು ಕೆಳಗಿನ ಬ್ರಾಕೆಟ್‌ಗೆ ಪ್ರತ್ಯೇಕ ಥ್ರೆಡ್ ಇದೆ. ಇಳಿಸಿರುವುದು ಮುಂದೆ 30 ಮಿ.ಮೀ., ಹಿಂದೆ 25 ಮಿ.ಮೀ. ಓಡಾಟ ಮೈಸೂರಿನ ರಿಂಗ್ ರೋಡು, ಬೆಂಗಳೂರು ಎಕ್ಸ್‌ಪ್ರೆಸ್‌ವೇ, ಮಂಡ್ಯ ಸುತ್ತಲಿನ ಹಳ್ಳಿ ರಸ್ತೆಗಳಲ್ಲಿ.

ಶಾಕ್‌ಗಳ ಬಗ್ಗೆ ದೂರಿಲ್ಲ. ಮೂರು ಮಳೆಗಾಲ ಕಳೆದರೂ ಎಣ್ಣೆ ಸೋರಿಲ್ಲ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಗಾಡಿ ಕೂರುವ ರೀತಿಗೆ ಕೊಟ್ಟ ದುಡ್ಡು ಸಾರ್ಥಕ. ಆದರೆ ಈ ಕಿಟ್ ಕೊಳ್ಳುವವರು ಒಂದು ವಿಷಯ ಮೊದಲೇ ತಿಳಿದಿರಬೇಕು: ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಯಂತ್ರ ಅಳೆಯುವುದು ಆ ಗಳಿಗೆಯಲ್ಲಿ ಗಾಡಿ ನಿಂತ ಭಂಗಿಯನ್ನು ಮಾತ್ರ. ಭಂಗಿಯೇ ಸುಳ್ಳಾಗಿದ್ದರೆ ಪರದೆಯ ಮೇಲಿನ ಅಂಕಿ ಎರಡು ವಾರವೂ ಬಾಳುವುದಿಲ್ಲ. ಹಾಗಾಗಿ ಅಂಗಡಿಗೆ ಹೋಗುವ ಹಿಂದಿನ ದಿನವನ್ನು ಪೂರ್ತಿ ಇದಕ್ಕೇ ಎತ್ತಿಡಿ.

ಮೊದಲು ಎತ್ತರ ಖಚಿತವಾಗಬೇಕು. ನೆಲದಿಂದ ಅಳೆಯಬೇಡಿ, ಟೈರ್ ಗಾಳಿ, ನೆಲದ ಏರುತಗ್ಗು ಎರಡೂ ಲೆಕ್ಕ ಕೆಡಿಸುತ್ತವೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯಿರಿ. ಎಡಬಲದ ವ್ಯತ್ಯಾಸ 3 ಮಿ.ಮೀ. ಒಳಗಿರಲಿ. ಟ್ಯಾಂಕ್ ಅರ್ಧ ತುಂಬಿರಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿ. ಡ್ರೈವರ್ ಭಾರಕ್ಕೆ 25 ಕೆ.ಜಿ.ಯ ಮೂರು ಅಕ್ಕಿ ಮೂಟೆ ಸಾಕು: ಎರಡು ಸೀಟಿನ ಮೇಲೆ, ಒಂದು ಕಾಲಿಡುವ ಜಾಗದಲ್ಲಿ. ಈ ಕಿಟ್‌ನ ಥ್ರೆಡ್ ಒಂದು ಸುತ್ತಿಗೆ 2 ಮಿ.ಮೀ. ಏರಿಳಿಯುತ್ತದೆ. ಮುಂದಿನ ಸ್ಟ್ರಟ್‌ನಲ್ಲಿ ಅಷ್ಟೇ ಬದಲಾವಣೆ ಹೆಚ್ಚುಕಡಿಮೆ ಚಕ್ರದ ಬಳಿಯೂ ಕಾಣುತ್ತದೆ. ಹಿಂದೆ ಶಾಕ್ ಕೂರುವುದು ಚಕ್ರ ಹಿಡಿದಿರುವ ಆರ್ಮ್‌ನ (ತೋಳಿನ) ಒಳಭಾಗಕ್ಕೆ, ಆದ್ದರಿಂದ ಅದೇ ಒಂದು ಸುತ್ತು ಚಕ್ರದಲ್ಲಿ 2 ಮಿ.ಮೀ.ಗಿಂತ ಜಾಸ್ತಿಯಾಗುತ್ತದೆ. ಎತ್ತರವನ್ನು ಕೆಳಗಿನ ಬ್ರಾಕೆಟ್‌ನಿಂದಲೇ ಬದಲಿಸಿ. ಸ್ಪ್ರಿಂಗ್ ಕಾಲರ್ ತಿರುಗಿಸಿದರೆ ಪ್ರೀಲೋಡ್ (ಸ್ಪ್ರಿಂಗ್ ಮೊದಲೇ ಒತ್ತಿಕೊಂಡಿರುವ ಪ್ರಮಾಣ) ಬದಲಾಗುತ್ತದೆ. ಲಾಕ್ ಕಾಲರ್ ಬಿಗಿಯಾದ ಮೇಲೆ ಕಾಲರ್‌ನಿಂದ ಶಾಕ್‌ನ ಮೈವರೆಗೆ ಅಡ್ಡಲಾಗಿ ಬಿಳಿ ಪೇಂಟಿನ ಗೆರೆ ಎಳೆಯಿರಿ. ಮುಂದೆ ಕಾಲರ್ ಸಡಿಲವಾದರೆ ಮೊದಲು ಹೇಳುವುದು ಆ ಗೆರೆಯೇ.

ಹಂಪ್ಸ್ ಕಾರಣಕ್ಕೆ ಎತ್ತರ ಮತ್ತೆ ಮತ್ತೆ ಬದಲಿಸುವವರಿದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪ್, ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು, ಈ ಎತ್ತರದಲ್ಲಿ ಗಾಡಿ ನಿಧಾನಕ್ಕೆ ದಾಟುತ್ತದೆ. ತೊಂದರೆ ಕೊಡುವುದು ಹಳ್ಳಿ ಬಾಗಿಲಲ್ಲಿರುವ ಕಿರಿದಾದ, ಕಡಿದಾದ ದಿಬ್ಬಗಳು. ಅವಕ್ಕೂ ಸರಿಹೊಂದುವ ಎತ್ತರವನ್ನು ಮೊದಲೇ ಆರಿಸಿಕೊಂಡು ಅಲ್ಲಿಗೇ ಬಿಡಿ. ಅಲೈನ್‌ಮೆಂಟ್ ಆದ ಮೇಲೆ 5 ಮಿ.ಮೀ. ಬದಲಿಸಿದರೂ ಮಾಡಿಸಿದ ಕೆಲಸ ವ್ಯರ್ಥ.

ಇನ್ನು ಬುಷ್‌ಗಳು, ಅಂದರೆ ಆರ್ಮ್‌ಗಳ ಕೀಲಿನಲ್ಲಿ ಕೂರುವ ರಬ್ಬರು ತುಂಡುಗಳು. ಬಹುಪಾಲು ಗ್ಯಾರೇಜ್‌ಗಳಲ್ಲಿ ತಪ್ಪುವುದು ಇಲ್ಲೇ, ಆಮೇಲೆ ಬೈಗುಳ ಬೀಳುವುದು ಕಿಟ್‌ಗೆ. ಲೋವರ್ ಆರ್ಮ್ ಬುಷ್‌ನ ರಬ್ಬರು ಒಳಕೊಳವೆ, ಹೊರಕೊಳವೆ ಎರಡಕ್ಕೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಜಾಕಿ ಮೇಲಿದ್ದು ಚಕ್ರ ಜೋತುಬಿದ್ದಿರುವಾಗ ಬೋಲ್ಟ್ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರು ಆರ್ಮ್ ತಿರುಗಿದಷ್ಟೂ ತಿರುಚಿಕೊಂಡೇ ಇರುತ್ತದೆ, ಸ್ಪ್ರಿಂಗ್‌ನಂತೆ ಗಾಡಿಯನ್ನು ಮೇಲಕ್ಕೆ ತಳ್ಳುತ್ತದೆ. ಆ ಸುಳ್ಳು ಎತ್ತರದಲ್ಲಿ ಅಲೈನ್‌ಮೆಂಟ್ ಆಗಿಬಿಡುತ್ತದೆ. ದಿನ ಕಳೆದಂತೆ ರಬ್ಬರು ಸೋತು ಗಾಡಿ ಇಳಿಯುತ್ತದೆ, ಕ್ಯಾಂಬರ್, ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ಓರೆಯಾಗಿರುವುದು; ಒಳಕ್ಕಿದ್ದರೆ ಟೋ ಇನ್) ಎರಡೂ ಸರಿಯುತ್ತವೆ, ಕೊನೆಗೆ ಬುಷ್ ಹರಿಯುತ್ತದೆ.

ಸರಿಯಾದ ಕ್ರಮ ಹೀಗೆ: ಮುಂದಿನ ಲೋವರ್ ಆರ್ಮ್‌ನ ಒಳಬೋಲ್ಟ್‌ಗಳು, ಹಿಂದಿನ ಮೇಲಿನ ಕೆಳಗಿನ ಆರ್ಮ್‌ಗಳು, ಟ್ರೇಲಿಂಗ್ ಆರ್ಮ್ ಬುಷ್, ಹಿಂದಿನ ಶಾಕ್‌ನ ಕೆಳಬೋಲ್ಟ್, ಇವನ್ನೆಲ್ಲ ಅರ್ಧ ಸುತ್ತು ಸಡಿಲಿಸಿ. ನಾಲ್ಕೂ ಚಕ್ರದಡಿ ಒಂದೇ ದಪ್ಪದ ಹಲಗೆ ಕೊಟ್ಟು ಗಾಡಿ ಇಳಿಸಿ, ಮುಂದೆ ಹಿಂದೆ ಒತ್ತಿ ಕುಲುಕಿ. ಚಕ್ರದ ಮೇಲೆ ಪೂರ್ತಿ ಭಾರ ಇರುವಾಗಲೇ ಸರ್ವಿಸ್ ಮ್ಯಾನ್ಯುವಲ್‌ನ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಿರಿ. ಗುಂಡಿ ಇರುವ ಗ್ಯಾರೇಜ್ ಸಿಕ್ಕರೆ ಈ ಕೆಲಸ ಅರ್ಧಕ್ಕರ್ಧ ಸುಲಭ. ಬೋಲ್ಟ್ ಸಡಿಲವಿರುವ ಗಾಡಿಯನ್ನು ಸ್ಟಾರ್ಟ್ ಮಾಡಿ ಓಡಿಸಬೇಡಿ, ಸರಿಸುವುದಿದ್ದರೆ ಕೈಯಲ್ಲೇ ತಳ್ಳಿ. ಚಕ್ರದ ನಟ್ಟು 19ರ ಸಾಕೆಟ್, 108 ನ್ಯೂಟನ್ ಮೀಟರ್.

ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಬಾರ್‌ನ ಸ್ಟೆಬಿಲೈಜರ್ ಲಿಂಕ್‌ಗಳಿಗೂ ಇದೇ ನಿಯಮ. ಗಾಡಿ ತಗ್ಗಿದಾಗ ಮೂಲ ಲಿಂಕ್‌ನ ಉದ್ದ ಬೇಕಾದ್ದಕ್ಕಿಂತ ಜಾಸ್ತಿಯಾಗುತ್ತದೆ. ಎತ್ತರ ಹೊಂದಿಸುವಾಗ ಒಂದು ಬದಿ ಕಳಚಿಡಿ. ಕೊನೆಗೆ ನೆಲದ ಮೇಲೆ ಬೋಲ್ಟ್ ಬೆರಳಲ್ಲೇ ಒಳಹೋಗುವಷ್ಟು ಉದ್ದಕ್ಕೆ ಅಡ್ಜಸ್ಟಬಲ್ ಲಿಂಕ್ ತಿರುಗಿಸಿ. ಬಲವಂತವಾಗಿ ಎಳೆದು ಕೂರಿಸಿದರೆ ಬಾರ್ ಒಂದು ಮೂಲೆಯನ್ನು ಎತ್ತಿಹಿಡಿದಿರುತ್ತದೆ.

ಯಂತ್ರದ ಮೇಲೆ ಸಮಯ ತಿನ್ನುವುದು ತುಕ್ಕು. ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ಲಾಕ್ ನಟ್ಟಿಗೆ, ಹಿಂದಿನ ಟೋ ಬದಲಿಸುವ ಕ್ಯಾಮ್ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ. ಕ್ಯಾಮ್ ಬೋಲ್ಟ್ ಬುಷ್‌ನ ಕೊಳವೆಗೇ ಕಚ್ಚಿಕೊಂಡಿದ್ದರೆ ತಿರುಗಿಸಿದಾಗ ರಬ್ಬರು ತಿರುಚುತ್ತದೆಯೇ ಹೊರತು ಟೋ ಬದಲಾಗುವುದಿಲ್ಲ. ಅಂಥದ್ದನ್ನು ಕತ್ತರಿಸಿ ತೆಗೆದು ಹೊಸ ಬೋಲ್ಟ್, ಬುಷ್ ಹಾಕದೆ ಬೇರೆ ದಾರಿಯಿಲ್ಲ. ರ‍್ಯಾಕ್ ಬೂಟ್‌ನ (ರಬ್ಬರು ಹೊದಿಕೆಯ) ಹೊರಕ್ಲಿಪ್ ಬಿಚ್ಚಿಡಿ, ಇಲ್ಲದಿದ್ದರೆ ರಾಡ್ ತಿರುಗಿದಂತೆ ಬೂಟ್ ಸುತ್ತಿಕೊಂಡು ಹರಿಯುತ್ತದೆ. ಕೀಲುಗಳಲ್ಲಿ ಆಟ (ಸಡಿಲ) ಇದೆಯೇ ಎಂದು ನೋಡಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡಬಲಕ್ಕೆ. ಮೇಲೆ ಕೆಳಗೆ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲಕ್ಕೆ ಮಾತ್ರ ಆಡಿದರೆ ಟೈ ರಾಡ್ ಎಂಡ್. ಆಟ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ಸುಡುವ ಕೆಲಸ.

ಹೊಸ ಕಿಟ್ ಹಾಕಿದ್ದರೆ 150 ಕಿ.ಮೀ. ಆದರೂ ಓಡಿಸಿ, ಎತ್ತರ ಮತ್ತೊಮ್ಮೆ ಅಳೆದು ಆಮೇಲೆ ಹೋಗಿ. ಅಷ್ಟರವರೆಗೆ ದಾರದಿಂದ ಒರಟಾಗಿ ಹೊಂದಿಸಿದ ಟೋ ಸಾಕು.

ಅಂಗಡಿಯಲ್ಲಿ ಎರಡು ಮಾತು ಮೊದಲೇ ಹೇಳಿಬಿಡಿ. ಒಂದು, ಮುಂದಿನ ಬಂಪರ್ ರ‍್ಯಾಂಪ್‌ಗೆ ತಾಗುತ್ತದೆ, ಹತ್ತುವ ಮುಂಚೆ ಹಲಗೆ ಇಡಬೇಕು. ಇನ್ನೊಂದು, ಕ್ಯಾಂಬರ್ ಕಂಪನಿಯ ಮಿತಿ ಮೀರಿರುವುದರಿಂದ ಪರದೆಯಲ್ಲಿ ಕೆಂಪಾಗೇ ಇರುತ್ತದೆ, ಅದನ್ನು ಹಸಿರಿಗೆ ತರಬೇಕಿಲ್ಲ. ಕ್ರಮ ಹಿಂದಿನಿಂದ: ಮೊದಲು ಹಿಂದಿನ ಕ್ಯಾಂಬರ್, ಹಿಂದಿನ ಟೋ, ಆಮೇಲೆ ಮುಂದಿನ ಕ್ಯಾಂಬರ್, ಕಟ್ಟಕಡೆಗೆ ಸ್ಟೀರಿಂಗ್ ನೇರ ಕಟ್ಟಿ ಮುಂದಿನ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಕದಲುವುದರಿಂದ ಇದನ್ನು ತಿರುವುಮುರುವು ಮಾಡಬಾರದು. ರಸ್ತೆ ಬಳಕೆಗೆ ಈ ಗಾಡಿಗೆ ಒಪ್ಪಿದ್ದು ಮುಂದೆ ಕ್ಯಾಂಬರ್ −1.5 ಡಿಗ್ರಿ, ಟೋ ಸೊನ್ನೆ, ಹಿಂದೆ −1.6 ಡಿಗ್ರಿ, ಒಟ್ಟು ಟೋ ಇನ್ 2 ಮಿ.ಮೀ. ಹಿಂದಿನ ಕ್ಯಾಂಬರ್‌ಗೆ ಮೂಲ ಗಾಡಿಯಲ್ಲಿ ಅಡ್ಜಸ್ಟ್‌ಮೆಂಟ್ ಇಲ್ಲ, 25 ಮಿ.ಮೀ. ಇಳಿಸಿದಾಗ −2 ದಾಟಿತ್ತು. ಕಿಟ್ ಜೊತೆಗೇ ಅಡ್ಜಸ್ಟಬಲ್ ಅಪ್ಪರ್ ಆರ್ಮ್ ತರಿಸಿಕೊಳ್ಳಿ.

ಟೈರಿನ ಒಳಅಂಚು ಸವೆದರೆ ಎಲ್ಲರೂ ಕ್ಯಾಂಬರ್ ಮೇಲೆ ತಪ್ಪು ಹೊರಿಸುತ್ತಾರೆ. ನಿಜವಾಗಿ ಬೇಗ ತಿನ್ನುವುದು ಟೋ. ಒಟ್ಟು ಟೋ 4 ಮಿ.ಮೀ. ತಪ್ಪಿದ್ದರೆ ಒಂದು ಚಕ್ರದ ಪಾಲು 2 ಮಿ.ಮೀ. ರಿಮ್ಮಿನ 406 ಮಿ.ಮೀ.ಗೆ 2 ಮಿ.ಮೀ. ಓರೆ ಎಂದರೆ ಒಂದು ಕಿಲೋಮೀಟರಿಗೆ ಟೈರು ಸುಮಾರು 5 ಮೀಟರ್ ಅಡ್ಡಡ್ಡ ಉಜ್ಜಿಕೊಳ್ಳುತ್ತದೆ. ಎಕ್ಸ್‌ಪ್ರೆಸ್‌ವೇಯ 118 ಕಿ.ಮೀ. ಮುಗಿಯುವಷ್ಟರಲ್ಲಿ ಅದು ಅರ್ಧ ಕಿಲೋಮೀಟರ್ ದಾಟುತ್ತದೆ.

ಕಿಟ್‌ನ ಕೊರತೆಗಳು ಮೂರು. ಕೈಪಿಡಿಯಲ್ಲಿ ಟಾರ್ಕ್ ಅಂಕಿಗಳೇ ಇಲ್ಲ. ಕ್ಯಾಂಬರ್ ಪ್ಲೇಟ್‌ನ ಪಿಲ್ಲೋ ಬಾಲ್‌ಗೆ (ಗುಂಡನೆಯ ಲೋಹದ ಕೀಲಿಗೆ) ದೂಳು ತಡೆಯುವ ಬೂಟ್ ಇಲ್ಲ; ಎರಡನೇ ವರ್ಷದಲ್ಲಿ ಟಕ್ ಟಕ್ ಶುರುವಾಗಿ ಬದಲಿಸಬೇಕಾಯಿತು. ಮೂರನೆಯದು, ಅಲ್ಯೂಮಿನಿಯಂ ಕಾಲರ್ ಉಕ್ಕಿನ ಥ್ರೆಡ್‌ಗೆ ಕಚ್ಚಿಕೊಳ್ಳುವುದು. ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಗೆ ಬೀಳಿಸುವ ಕೆಸರು ಥ್ರೆಡ್‌ನೊಳಗೆ ಕೂತು ಒಣಗಿದರೆ ಸಿ ಸ್ಪ್ಯಾನರ್‌ಗೂ ಜಗ್ಗುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ನೈಲಾನ್ ಬ್ರಷ್, ಸಾದಾ ನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಹಚ್ಚಬೇಡಿ, ದೂಳನ್ನೆಲ್ಲ ಅದೇ ಹಿಡಿದಿಟ್ಟುಕೊಳ್ಳುತ್ತದೆ.