ಬೆಟ್ ಗೆದ್ದ ಮೇಲೆ "ದರ ತಪ್ಪಾಗಿತ್ತು" ಅಂತಾರೆ, ಹುಷಾರು

ಇಂಗ್ಲೆಂಡಿಗೆ ಬಂದಿರುವ ನಮ್ಮ ಕಡೆಯ ಹುಡುಗರು, ಅದರಲ್ಲೂ ಓದೋಕೆ ಬಂದವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಇಲ್ಲಿ ಬೆಟ್ಟಿಂಗ್ ಕಾನೂನುಬದ್ಧ. ಪೇಟೆಯಲ್ಲಿ ಔಷಧಿ ಅಂಗಡಿಯ ಪಕ್ಕದಲ್ಲೇ ಬೆಟ್ಟಿಂಗ್ ಅಂಗಡಿ ಇರುತ್ತದೆ. ಲೈಸೆನ್ಸ್ ಇರುವ ಕಂಪನಿ, ಗೆದ್ದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಾನೂ ನಂಬಿದ್ದೆ. ಕಂಪನಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ದರ ತಪ್ಪಾಗಿತ್ತು ಅಂತ ಗೆದ್ದ ದುಡ್ಡು ವಾಪಸ್ ತೆಗೆದುಕೊಳ್ಳುವ ನಿಯಮ ಒಬ್ಬರದಲ್ಲ, ಹೆಚ್ಚುಕಮ್ಮಿ ಎಲ್ಲರ ಷರತ್ತುಗಳಲ್ಲೂ ಇದೆ.

ಕಳೆದ ಬೇಸಿಗೆಯ ಮಾತು. ಲೆಸ್ಟರ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ಅಡುಗೆಮನೆ. ಒಲೆಯ ಮೇಲೆ ಅನ್ನದ ಕುಕ್ಕರ್, ಟೇಬಲ್ ಮೇಲೆ ಲ್ಯಾಪ್‌ಟಾಪಿನಲ್ಲಿ ಕೌಂಟಿ ತಂಡಗಳ ಟಿ20 ಪಂದ್ಯ. ಚೇಸ್ ಮಾಡುತ್ತಿದ್ದ ತಂಡಕ್ಕೆ 18 ಬಾಲಿಗೆ 19 ರನ್ ಬೇಕು, ಕೈಯಲ್ಲಿ ಆರು ವಿಕೆಟ್. ಮ್ಯಾಚ್ ಮುಗಿದಂತೆಯೇ. ಮೊಬೈಲ್ ತೆಗೆದು ನೋಡಿದರೆ ಆ ತಂಡದ ಎದುರು 11/1 ಅಂತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: 11/1 ಅಂದರೆ ಒಂದು ಪೌಂಡ್ ಕಟ್ಟಿದರೆ ಹನ್ನೊಂದು ಪೌಂಡ್ ಲಾಭ. ಸೋಲೋ ತಂಡಕ್ಕೆ ಕೊಡುವ ದರ ಅದು. ಗೆಲ್ಲೋ ತಂಡಕ್ಕೆ ಇರಬೇಕಾಗಿದ್ದು 1/11. ಹನ್ನೊಂದು ಕಟ್ಟಿದರೆ ಒಂದು.

ಜೊತೆಯಲ್ಲಿರುವ ದಾವಣಗೆರೆಯ ಗೆಳೆಯ ಬಗ್ಗಿ ನೋಡಿ, "ಲೋ, ಉಲ್ಟಾ ಹಾಕಿದ್ದಾರೆ ಕಣೋ" ಅಂದ. ನನಗೂ ಅನುಮಾನ ಬಂದಿತ್ತು. ಇದನ್ನು ಮುಚ್ಚಿಡಲ್ಲ. ಆದರೂ 40 ಪೌಂಡ್ ಕಟ್ಟಿದೆ.

ಪಂದ್ಯ ನಡೆಯುತ್ತಿರುವಾಗ ಬೆಟ್ ಕಟ್ಟಿದರೆ ಅದು ತಕ್ಷಣ ಒಪ್ಪಿಗೆ ಆಗುವುದಿಲ್ಲ. ಐದಾರು ಸೆಕೆಂಡ್ ಪರದೆಯ ಮೇಲೆ ಚಕ್ರ ತಿರುಗುತ್ತಿರುತ್ತದೆ. ಅಷ್ಟರಲ್ಲಿ ದರ ಬದಲಾದರೆ "ಹೊಸ ದರಕ್ಕೆ ಒಪ್ಪುತ್ತೀರಾ" ಅಂತ ಕೇಳುತ್ತದೆ, ಇಲ್ಲವೇ ಬೆಟ್ ವಾಪಸ್ ಬರುತ್ತದೆ. ಆ ಅವಕಾಶ ಇರುವುದು ಅವರಿಗೆ. ನನ್ನ ಚಕ್ರ ತಿರುಗಿ ನಿಂತು ಹಸಿರು ಟಿಕ್ ಬಂತು. ರಸೀದಿ ನಂಬರ್ ಬಂತು. ಕುಕ್ಕರ್ ಮೂರನೇ ಸೀಟಿ ಹಾಕುವ ಹೊತ್ತಿಗೆ ಮ್ಯಾಚ್ ಮುಗಿದಿತ್ತು. ಲಾಭ 440, ಕಟ್ಟಿದ 40, ಒಟ್ಟು ಖಾತೆಯಲ್ಲಿ 480 ಪೌಂಡ್.

ಆಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ದುಡ್ಡನ್ನು ಬ್ಯಾಂಕಿಗೆ ಹಾಕಿಕೊಳ್ಳಲೂ ಇಲ್ಲ, ಹಾಗೇ ಬಿಡಲೂ ಇಲ್ಲ. ಅದೇ ರಾತ್ರಿ ಅದರಲ್ಲಿ 100 ಪೌಂಡ್ ಇನ್ನೊಂದು ಪಂದ್ಯದ ಮೇಲೆ ಕಟ್ಟಿದೆ. ಸೋತೆ. 380 ಉಳಿಯಿತು.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಮೇಲ್ ನೋಡಿದೆ. ನಿಮ್ಮ ಬೆಟ್‌ನ ದರದಲ್ಲಿ "ಪಾಲ್ಪಬಲ್ ಎರರ್" ಇತ್ತು, ಅಂದರೆ ಮೇಲ್ನೋಟಕ್ಕೇ ಕಾಣುವ ತಪ್ಪು ಇತ್ತು, ಆದ್ದರಿಂದ ಸರಿಯಾದ ದರ 1/11ರಲ್ಲಿ ಲೆಕ್ಕ ಮಾಡಿದ್ದೇವೆ ಅಂತ. 480 ಹೋಗಿ 43.64 ಪೌಂಡ್ ಆಯಿತು. 436.36 ವಾಪಸ್ ತೆಗೆದುಕೊಂಡರು. ಖಾತೆಯಲ್ಲಿ ಇದ್ದದ್ದು 380 ತಾನೇ? ಕೆಂಪಕ್ಷರದಲ್ಲಿ ಮೈನಸ್ 56.36 ಅಂತ ಬಂತು. ಗೆದ್ದ ಬೆಟ್‌ಗೆ ನಾನೇ ಅವರಿಗೆ ದುಡ್ಡು ಕೊಡಬೇಕಂತೆ.

ತಪ್ಪು ದರವನ್ನು ಸರಿ ಮಾಡಿಕೊಳ್ಳುವ ಹಕ್ಕೇ ಅವರಿಗೆ ಇರಬಾರದು ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಕಾನೂನಿನಲ್ಲಿ ಇದು ಹಳೆಯ ಮಾತು. 1939ರಲ್ಲಿ ಲಂಡನ್ನಿನಲ್ಲಿ ಮೊಲದ ಚರ್ಮದ ಒಂದು ಕೇಸ್ ನಡೆದಿತ್ತು. ಅರ್ಜೆಂಟೀನಾದ 30,000 ಚರ್ಮಗಳ ವ್ಯಾಪಾರ. ಮಾತುಕತೆಯೆಲ್ಲ ಒಂದು ಚರ್ಮಕ್ಕೆ ಇಷ್ಟು ಅಂತ ಆಗಿತ್ತು. ಮಾರುವವರು ಬರೆಯುವಾಗ ತಪ್ಪಿ ತೂಕದ ಒಂದು ಪೌಂಡ್‌ಗೆ ಇಷ್ಟು ಅಂತ ಬರೆದರು. ಒಂದು ಪೌಂಡ್ ತೂಕಕ್ಕೆ ಸುಮಾರು ಮೂರು ಚರ್ಮ ಬರುತ್ತವೆ. ಕೊಳ್ಳುವವನಿಗೆ ಈ ತಪ್ಪು ಗೊತ್ತಾಗಿರಲೇಬೇಕು, ಹಾಗಾಗಿ ಒಪ್ಪಂದವೇ ಇಲ್ಲ ಅಂತ ಕೋರ್ಟ್ ಹೇಳಿತು. ನ್ಯಾಯವಾದ ಮಾತು. ನನ್ನ 11/1ಕ್ಕೂ ಅದೇ ಮಾತು ಹೇಳಿದರೆ ಒಪ್ಪುತ್ತೇನೆ.

ಆದರೆ ಆ ಕೇಸಿನಲ್ಲಿ ಒಪ್ಪಂದ ಇಲ್ಲ ಅಂದರೆ ಇಬ್ಬರಿಗೂ ಇಲ್ಲ. ನನ್ನ ವಿಷಯದಲ್ಲಿ ಹಾಗಲ್ಲ. ಆ ತಂಡ ಮೂರು ಓವರಿನಲ್ಲಿ ಕುಸಿದು ಸೋತಿದ್ದರೆ ಏನಾಗುತ್ತಿತ್ತು? ನನ್ನ 40 ಪೌಂಡ್ ಹೋಗುತ್ತಿತ್ತು. ದರ ತಪ್ಪಾಗಿತ್ತು, ನಿಮ್ಮ ದುಡ್ಡು ತಗೊಳ್ಳಿ ಅಂತ ಬೆಳಿಗ್ಗೆ ಯಾರೂ ಮೇಲ್ ಹಾಕುತ್ತಿರಲಿಲ್ಲ. ಸೋತರೆ ಬೆಟ್ ಹಾಗೇ ಉಳಿಯುತ್ತದೆ, ಗೆದ್ದರೆ ಮಾತ್ರ ದರ ತಿದ್ದುತ್ತಾರೆ. ಫಲಿತಾಂಶ ನೋಡಿದ ಮೇಲೆ ನಿರ್ಧಾರ ಮಾಡುವ ಸೌಲಭ್ಯ ಆಟದ ಒಂದು ಕಡೆಯವರಿಗೆ ಮಾತ್ರ ಇದ್ದರೆ ಅದು ನ್ಯಾಯ ಹೇಗಾಗುತ್ತದೆ? ತಪ್ಪು ಕಂಡರೆ ಪಂದ್ಯ ಮುಗಿಯೋದರೊಳಗೆ ಹೇಳಲಿ. ಹೇಳದಿದ್ದರೆ ಆ ನಷ್ಟ ಅವರದು.

ಇನ್ನೊಂದು ವಿಷಯ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದೇ ವರ್ಷ ಐಪಿಎಲ್ ಸಮಯದಲ್ಲಿ 5 ಪೌಂಡ್ ಅಂತ ಒತ್ತಲು ಹೋಗಿ 50 ಒತ್ತಿದ್ದೆ. ಒಂದು ನಿಮಿಷದೊಳಗೆ ಅವರ ಚಾಟ್‌ನಲ್ಲಿ ಬರೆದೆ. ಮ್ಯಾಚ್ ಇನ್ನೂ ಶುರುವಾಗಿರಲಿಲ್ಲ. "ಒಮ್ಮೆ ಖಚಿತವಾದ ಬೆಟ್ ರದ್ದು ಮಾಡಲು ಆಗುವುದಿಲ್ಲ, ಕಟ್ಟುವ ಮುಂಚೆ ನೋಡಿಕೊಳ್ಳುವುದು ಗ್ರಾಹಕರ ಜವಾಬ್ದಾರಿ" ಅಂತ ಉತ್ತರ ಬಂತು. ನನ್ನ ಬೆರಳು ತಪ್ಪಿದರೆ ನನ್ನ ಜವಾಬ್ದಾರಿ. ಅವರ ಬೆರಳು ತಪ್ಪಿದರೂ ನನ್ನ ಜೇಬೇ.

ಆಮೇಲೆ ಕೂತು ಷರತ್ತುಗಳನ್ನು ಓದಿದೆ. ಬೆಟ್ ಕಟ್ಟುವ ಪುಟದಲ್ಲಿ ಈ ನಿಯಮದ ಸುಳಿವೇ ಇಲ್ಲ. ಎಲ್ಲೋ ಕೆಳಗಿನ ಒಂದು ಕೊಂಡಿ ಒತ್ತಿ, ಅಲ್ಲಿಂದ ಇನ್ನೊಂದು ಪುಟಕ್ಕೆ ಹೋಗಿ, ತುಂಬಾ ಕೆಳಗೆ ಇಳಿದರೆ ಸಿಗುತ್ತದೆ. ಮಾರುಕಟ್ಟೆಯ ದರಕ್ಕಿಂತ "ಗಣನೀಯವಾಗಿ" ಬೇರೆ ಇದ್ದರೆ ತಪ್ಪು ಎಂದು ಪರಿಗಣಿಸುತ್ತೇವೆ ಅಂತಿದೆ. ಗಣನೀಯ ಅಂದರೆ ಎಷ್ಟು? ಸಂಖ್ಯೆ ಇಲ್ಲ. 11/1 ಮತ್ತು 1/11 ಯಾರಿಗಾದರೂ ಗೊತ್ತಾಗುತ್ತದೆ. ಬೇರೆ ಕಡೆ 8/1 ಇರುವಾಗ ಇವರಲ್ಲಿ 12/1 ಇದ್ದರೆ? ಅದು ತಪ್ಪೋ, ಅವರ ಅಂದಾಜೇ ಬೇರೆಯೋ? ತೀರ್ಮಾನ ಮಾಡುವವರು ಅವರೇ. ಇನ್ನೊಂದು ಗಮನಿಸಿ: ಕೆಲವು ಕಂಪನಿಗಳು ಇಂಥ ಬೆಟ್ ರದ್ದು ಮಾಡಿ ಕಟ್ಟಿದ ದುಡ್ಡು ಮಾತ್ರ ಕೊಡುತ್ತವೆ, ಕೆಲವು "ಸರಿಯಾದ" ದರದಲ್ಲಿ ಕೊಡುತ್ತವೆ. ನಿಮ್ಮ ಕಂಪನಿ ಏನು ಮಾಡುತ್ತದೆ ಅಂತ ಈಗಲೇ ನೋಡಿಕೊಳ್ಳಿ.

ಜಗಳ ಮಾಡಿದವರಿಗೆ ಸಿಕ್ಕಿದ್ದೂ ಉಂಟು. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಫ್ಯಾನ್‌ಡ್ಯೂಯಲ್ ಅನ್ನೋ ಬೆಟ್ಟಿಂಗ್ ಕಂಪನಿಯ ಕೌಂಟರಿನಲ್ಲಿ ಒಬ್ಬರು 110 ಡಾಲರ್ ಕಟ್ಟಿದ್ದರು. ಅಮೆರಿಕನ್ ಫುಟ್‌ಬಾಲ್ ಪಂದ್ಯದ ಕೊನೆಯಲ್ಲಿ ಬರೀ 18 ಸೆಕೆಂಡ್ ಸಿಸ್ಟಮ್ ಕೆಟ್ಟು 1/6 ಇರಬೇಕಾದ ದರ 750/1 ಅಂತ ತೋರಿಸಿತ್ತು. ಟಿಕೆಟ್ಟಿನ ಲೆಕ್ಕದಲ್ಲಿ 82,610 ಡಾಲರ್. ಮೊದಲು ಕೊಡಲ್ಲ ಅಂದರು. ಸುದ್ದಿ ದೊಡ್ಡದಾಯಿತು, ಕೆಲವೇ ದಿನದಲ್ಲಿ ಪೂರ್ತಿ ಕೊಟ್ಟರು. ಇಂಗ್ಲೆಂಡಿನಲ್ಲೇ ಗ್ಲಾಸ್ಟರ್‌ಶೈರ್‌ನ ಒಬ್ಬ ಮಹಿಳೆಗೆ 2020ರಲ್ಲಿ ಪ್ಯಾಡಿ ಪವರ್ ಅನ್ನೋ ಬೆಟ್ಟಿಂಗ್ ಕಂಪನಿಯ ಆನ್‌ಲೈನ್ ಆಟವೊಂದು 10 ಲಕ್ಷ ಪೌಂಡ್‌ಗೂ ಜಾಸ್ತಿ ಗೆದ್ದಿರಿ ಅಂತ ತೋರಿಸಿತು. ಪ್ರೋಗ್ರಾಂನಲ್ಲಿ ತಪ್ಪಾಗಿದೆ ಅಂತ ಕಂಪನಿ ಕೊಟ್ಟಿದ್ದು ಸುಮಾರು 20 ಸಾವಿರ. 2025ರ ಮಾರ್ಚಿನಲ್ಲಿ ಹೈಕೋರ್ಟ್ ಆಕೆಯ ಪರ ತೀರ್ಪು ಕೊಟ್ಟಿತು. ಅದು ಪಂದ್ಯದ ದರ ಅಲ್ಲ, ಜಾಕ್‌ಪಾಟ್ ಆಟ, ನಿಜ. ಆದರೂ ಪರದೆ ಮೇಲೆ ತೋರಿಸಿದ್ದಕ್ಕೆ ಬೆಲೆ ಇದೆ ಅಂತಾಯಿತಲ್ಲ, ನನ್ನಂಥವರಿಗೆ ಅದೇ ಧೈರ್ಯ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಒಂದೇ ಕಡೆಗೆ ವಾಲುವ ಅನ್ಯಾಯದ ಷರತ್ತಿಗೆ ಗ್ರಾಹಕ ಕಟ್ಟುಬೀಳಬೇಕಾಗಿಲ್ಲ.

ಇಲ್ಲಿ ದೂರು ಕೊಡುವುದು ಹೀಗೆ. ಮೊದಲು ಕಂಪನಿಗೇ ಬರಹದಲ್ಲಿ ಕೊಡಬೇಕು. ಅವರಿಗೆ ಎಂಟು ವಾರ ಸಮಯ. ಕೊನೆಯ ಉತ್ತರ ಬಂದ ಮೇಲೆ, ಅಥವಾ ಎಂಟು ವಾರ ಕಳೆದ ಮೇಲೆ, ಕಂಪನಿ ಯಾವ ಮಧ್ಯಸ್ಥ ಸಂಸ್ಥೆಯ ಹೆಸರು ಕೊಟ್ಟಿದೆಯೋ ಅಲ್ಲಿಗೆ ಹೋಗಬಹುದು. ಹೆಚ್ಚಿನವರದ್ದು ಐಬಾಸ್. ನಮಗೆ ಖರ್ಚಿಲ್ಲ. ಈ ಕಂಪನಿಗಳಿಗೆ ಲೈಸೆನ್ಸ್ ಕೊಡುವ ಗ್ಯಾಂಬ್ಲಿಂಗ್ ಕಮಿಷನ್‌ಗೆ ಬರೆದರೆ ನಿಮ್ಮ ದುಡ್ಡು ಕೊಡಿಸಿಕೊಡುವುದಿಲ್ಲ, ಒಬ್ಬೊಬ್ಬರ ಜಗಳ ಅವರು ಬಿಡಿಸುವುದಿಲ್ಲ. ನಾನು ಅಲ್ಲಿಗೆ ಬರೆದು ಸುಮ್ನೆ ಎರಡು ವಾರ ಕಾದೆ. ದೂರಿಗೆ ಬೇಕಾಗಿದ್ದು ಸ್ಕ್ರೀನ್‌ಶಾಟ್. ಬೆಟ್ ಒಪ್ಪಿಗೆಯಾದದ್ದು, ಖಾತೆಗೆ ದುಡ್ಡು ಬಂದದ್ದು, ಎರಡೂ. ಆಮೇಲೆ ಆ್ಯಪ್‌ನಲ್ಲಿ ಹಳೆಯ ಬೆಟ್ ನೋಡಿದರೆ 1/11 ಅಂತ ಬದಲಾಗಿತ್ತು. ಗೆಳೆಯ ಆ ರಾತ್ರಿ ತಮಾಷೆಗೆ ನನ್ನ ಮೊಬೈಲಿನ ಫೋಟೋ ತೆಗೆದಿದ್ದ. ಅದೊಂದೇ ನನ್ನ ಹತ್ತಿರ ಇರುವ ಸಾಕ್ಷಿ.

ಊರಲ್ಲಿರುವ ತಮ್ಮಂದಿರಿಗೂ ಒಂದು ಮಾತು. ಇಲ್ಲಿ 2005ರ ಜೂಜಿನ ಕಾಯ್ದೆಯಿಂದಾಗಿ ಗೆದ್ದ ದುಡ್ಡಿಗೆ ಕೋರ್ಟಿಗೆ ಹೋಗಬಹುದು. ಭಾರತದಲ್ಲಿ ಅದಿಲ್ಲ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯೇ ಇಲ್ಲ. 2025ರಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಬಂತು. ವಾಟ್ಸಾಪಿನಲ್ಲಿ ಐಡಿ ಕೊಟ್ಟು ಬೆಟ್ ಆಡಿಸುವವರು ಗೆದ್ದ ದುಡ್ಡನ್ನು "ರೇಟ್ ತಪ್ಪಾಗಿತ್ತು" ಅಂತ ಕಿತ್ತುಕೊಂಡರೆ ಯಾರ ಹತ್ತಿರ ಹೋಗ್ತೀರಿ?

ನನ್ನ ದೂರಿಗೆ ಏಳನೇ ವಾರದಲ್ಲಿ ಉತ್ತರ ಬಂತು. ಮೈನಸ್ 56.36 ಮನ್ನಾ ಮಾಡಿದ್ದಾರೆ. ದರದ ವಿಷಯದಲ್ಲಿ ನಿಯಮ ಸರಿ ಇದೆ ಅಂದಿದ್ದಾರೆ. ನಾನು ಈಗ 480 ಕೇಳುತ್ತಿಲ್ಲ. ಕೇಳಿದ್ದು ಒಂದೇ. ಆ 480 ನನ್ನದಲ್ಲದ ದುಡ್ಡು ಅಂತಾದರೆ, ಅದರಿಂದ ಕಟ್ಟಿದ 100 ಪೌಂಡಿನ ಬೆಟ್ ಕೂಡ ಇರಲೇ ಇಲ್ಲ ಅಲ್ವಾ? ಅದನ್ನೂ ರದ್ದು ಮಾಡಿ ನನ್ನ 43.64 ಕೊಡಿ. ಆ ಬೆಟ್‌ನ ದರ ಸರಿಯಾಗಿತ್ತು, ಅದು ರದ್ದಾಗುವುದಿಲ್ಲ ಅಂತ ಬರೆದಿದ್ದಾರೆ. ಆ ಪತ್ರ, ಗೆಳೆಯ ತೆಗೆದ ಫೋಟೋ, ಐಪಿಎಲ್ ಸಮಯದ ಚಾಟ್, ಮೂರನ್ನೂ ಸೇರಿಸಿ ಹೋದ ಸೋಮವಾರ ಐಬಾಸ್‌ಗೆ ಕಳಿಸಿದ್ದೇನೆ.